ಕೋಲಜ್ಜಿಯ ಗೆಲುವೂ ನನ್ನ ಸೌಟೂ

ಭಾನುವಾರ ಬಂತೆಂದರೆ ನಮ್ಮ ಯಜಮಾನರು ನಡುಮನೆಯಲ್ಲೇ ಹೊಡೆದಾಟಕ್ಕೆ ನಿಲ್ಲುತ್ತಾರೆ. (ಗಾಬರಿ ಬೇಡ. ನನ್ನ ಜೊತೆಗಲ್ಲ, ಟೀವಿ ಜೊತೆಗೆ.) ವಾರವೆಲ್ಲ ಚಿಂತಾಮಣಿ ಪೇಟೆಯಲ್ಲಿರುವ ತಮ್ಮ ಬಿತ್ತನೆಬೀಜದ ಅಂಗಡಿಯಲ್ಲಿ “ಬಾ ಅಣ್ಣಾ, ಕೂತ್ಕೋ ಅಣ್ಣಾ” ಎಂದು ಬೆಣ್ಣೆಯಂತೆ ಮಾತಾಡುವ ರಮೇಶ್‌ಬಾಬು ಇವರೇ ಎಂದರೆ ನೀವು ನಂಬುವುದಿಲ್ಲ. ತಿಂಡಿ ಮುಗಿದದ್ದೇ ತಡ, ಲುಂಗಿ ಎತ್ತಿ ಕಟ್ಟಿ, ವಿಡಿಯೋ ಗೇಮಿನ ಕಂಟ್ರೋಲರ್ ಹಿಡಿದು ಕೂರುತ್ತಾರೆ. (ಈ ಮನೆಯಲ್ಲಿ ಕಂಟ್ರೋಲರ್ ಎಂದರೆ ನಾನೊಬ್ಬಳೇ ಎಂದುಕೊಂಡಿದ್ದೆ.) ಆಮೇಲೆ ಶುರು: “ಹಾಕು! ಗುದ್ದು! ಬಿಡ್ಬೇಡ!” ಅವರ ಪರವಾಗಿ ಹೊಡೆದಾಡುವವನು ಬೆಟ್ಟದಂಥ ಪೈಲ್ವಾನ. ಅವನಿಗೆ ನಾನಿಟ್ಟ ಹೆಸರು ಮಲ್ಲಣ್ಣ. ಅವನ ಒಂದೊಂದು ಗುದ್ದಿಗೂ ನಮ್ಮ ಶೋಕೇಸಿನ ಗಾಜು ಥರಗುಟ್ಟುತ್ತದೆ.

ಅವತ್ತು ಅಡುಗೆಮನೆಯಿಂದಲೇ ಕೂಗಿದೆ.

“ರೀ, ಸ್ವಲ್ಪ ಬಂದು ಅವರೆಕಾಯಿ ಬಿಡಿಸ್ಕೊಡ್ರೀ.”

“ಇರು ಭಾನು, ಲೈಫ್ ಸ್ವಲ್ಪಾನೇ ಉಳ್ದಿದೆ.”

“ಯಾರ್ದು?”

“ಮಲ್ಲಣ್ಣಂದು.”

“ನಂದೂ ಅಷ್ಟೇ ಉಳ್ದಿರೋದು! ಅದೇನು ಮಹಾ, ಗುಂಡಿ ಒತ್ತೋದು ತಾನೇ?”

ಆಟ ನಿಂತಿತು. ಯಜಮಾನರು ನನ್ನತ್ತ ಕನಿಕರದಿಂದ ನೋಡಿದರು. “ಗುಂಡಿ ಒತ್ತೋದಲ್ಲ ಕಣೇ, ತಪಸ್ಸು. ನೀನೇನಾದ್ರೂ ನನ್ನ ಗೆದ್ಬಿಟ್ರೆ ಒಂದು ತಿಂಗ್ಳು ಅಡುಗೆ ನಂದೇ, ಹೋಗು.”

ಮಂಚದ ಮೇಲೆ ಎಲೆಅಡಿಕೆ ಹಾಕುತ್ತಿದ್ದ ನಮ್ಮತ್ತೆ ಓಬಳಮ್ಮನವರಿಗೆ ಖುಷಿಯೋ ಖುಷಿ. “ಆಯ್ತಪ್ಪಾ, ನೇನೇ ಸಾಕ್ಷಿ!” ಎಂದು ತಮ್ಮ ತೆಲುಗು ಬೆರೆತ ಕನ್ನಡದಲ್ಲಿ ತಾವೇ ಸಾಕ್ಷಿಯಾಗಿ ನಿಂತರು.

ಯಜಮಾನರಿಗೆ ಒಂದು ವಿಷಯ ಮರೆತುಹೋಗಿತ್ತು. ನಾನು ಸಾದಲಿಯ ರೇಷ್ಮೆ ಬೆಳೆಯುವ ಮನೆಯ ಹುಡುಗಿ. ರೇಷ್ಮೆಹುಳು ಗೂಡು ಕಟ್ಟುವ ಬಿದಿರಿನ ಚಂದ್ರಿಕೆಯಿಂದ ಗೂಡು ಬಿಡಿಸುವುದರಲ್ಲಿ ನನ್ನ ಬೆರಳುಗಳ ವೇಗಕ್ಕೆ ಇಡೀ ಬೀದಿಯಲ್ಲಿ ಎದುರಾಳಿ ಇರಲಿಲ್ಲ. ಅಂಥ ಬೆರಳುಗಳಿಗೆ ಆರೇಳು ಗುಂಡಿ ಯಾವ ಲೆಕ್ಕ?

ಮಾರನೆಯ ದಿನ ಅವರು ಅಂಗಡಿಗೆ ಹೊರಟ ಕೂಡಲೇ ನನ್ನ ಯುದ್ಧಾಭ್ಯಾಸ ಆರಂಭವಾಯಿತು. ಕೊಡಲಿಯವನು, ಬೆಂಕಿ ಉಗುಳುವವನು, ರೆಕ್ಕೆಯವಳು ಎಲ್ಲರನ್ನೂ ಪರೀಕ್ಷಿಸಿ, ಮೂಲೆಯಲ್ಲಿ ಬೆನ್ನು ಬಾಗಿಸಿ ನಿಂತಿದ್ದ ಒಬ್ಬ ಮುದುಕಿಯನ್ನು ಆರಿಸಿಕೊಂಡೆ. ಕೈಯಲ್ಲೊಂದು ಉದ್ದನೆಯ ಕೋಲು. ಕೋಲಜ್ಜಿ ಎಂದು ನಾಮಕರಣ ಮಾಡಿದೆ.

“ಯಾರಮ್ಮಾ ಆ ಮುದುಕಿ? ಪಾಪ, ಈ ವಯಸ್ನಲ್ಲಿ ಹಂಗೆ ಹೊಡ್ಸಿಕೊಳ್ತಾವಳೆ. ಅಡ್ಡ ಕೋಲು ಹಿಡಿಯೋಕೆ ಹೇಳಮ್ಮಾ!” ಎಂದರು ಅತ್ತೆ.

ಅತ್ತೆಯ ಮಾತು ಸತ್ಯವಾಗಿತ್ತು. ಹೊಡೆಯುವುದಕ್ಕಿಂತ ಮೊದಲು ತಡೆಯುವುದನ್ನು ಕಲಿಯಬೇಕು. ಕಲಿತೆ. ಮುಂದೆ, ಕೆಳಗೆ, ಮುಂದೆ, ಗುಂಡಿ. ಅಜ್ಜಿ ಕೋಲು ತಿರುಗಿಸಿ ಕಾಲಿಗೆ ಬಾರಿಸುತ್ತಾಳೆ. ಅದನ್ನೂ ಕಲಿತೆ. ಕುಕ್ಕರ್ ಸೀಟಿ ಹೊಡೆದರೂ ಏಳದೆ ಬೇಳೆ ಸೀದದ್ದುಂಟು. ಎಲ್ಲಕ್ಕಿಂತ ದೊಡ್ಡ ಜ್ಞಾನೋದಯ ಆದದ್ದು ಮಲ್ಲಣ್ಣನನ್ನೇ ಎದುರಿಗೆ ನಿಲ್ಲಿಸಿಕೊಂಡಾಗ. ಅವನು ದೊಡ್ಡ ಗುದ್ದು ಹಾಕಿ ಅದು ತಪ್ಪಿದರೆ, ಕೈ ಹಿಂದಕ್ಕೆ ತರುವಷ್ಟು ಹೊತ್ತು ಬೊಂಬೆಯ ಹಾಗೆ ನಿಂತುಬಿಡುತ್ತಾನೆ. ಆ ಗಳಿಗೆಯಲ್ಲಿ ಅಜ್ಜಿ ಅವನಿಗೆ ಅಷ್ಟೋತ್ತರ ಅರ್ಚನೆಯನ್ನೇ ಮುಗಿಸಬಹುದು.

ಮುಂದಿನ ತಿಂಗಳ ಮೊದಲ ಭಾನುವಾರ ಸವಾಲು ಹಾಕಿದೆ. ತೆರೆಯ ಮೇಲೆ ಕೋಲಜ್ಜಿ ಬಂದು ನಿಂತಾಗ ಯಜಮಾನರು ಹೊಟ್ಟೆ ಹಿಡಿದುಕೊಂಡು ನಕ್ಕರು. “ಇದನ್ನ ಯಾರೂ ಆಡಲ್ಲ ಕಣೇ!”

ಮಲ್ಲಣ್ಣ ಗುದ್ದಿದ. ಅಜ್ಜಿ ಹಿಂದೆ ಸರಿದಳು. ಗುದ್ದು ಗಾಳಿಗೆ ಹೋಯಿತು, ಕೋಲು ಮಂಡಿಗೆ ಬಿತ್ತು. ಮತ್ತೆ ಗುದ್ದಿದ, ಮತ್ತೆ ಮಂಡಿ. ಯಜಮಾನರ ನಗು ಮೊದಲು ಮೀಸೆಗೆ ಇಳಿಯಿತು, ಆಮೇಲೆ ಪೂರ್ತಿ ನಿಂತೇ ಹೋಯಿತು. ಬೆಟ್ಟ ಉರುಳಿದಾಗ ಅತ್ತೆ ಮಂಚದ ಮೇಲೇ ಎದ್ದು ನಿಂತಿದ್ದರು.

ನಾನು ಸೋಫಾದ ಮೇಲೆ ಕಾಲು ಮೇಲೆ ಕಾಲು ಹಾಕಿ ಕೂತು, “ಊಟಕ್ಕೆ ಏನ್ ಮಾಡ್ತೀರಾ?” ಎಂದು ಕೇಳಿದೆ. ಮದುವೆಯಾದ ಮೇಲೆ ಅಷ್ಟು ಸವಿಯಾದ ವಾಕ್ಯ ನನ್ನ ಬಾಯಿಂದ ಬಂದಿರಲಿಲ್ಲ.

ಮೊದಲ ದಿನದ ಮುದ್ದೆಯೊಳಗೆ ಒಣಹಿಟ್ಟಿನ ಗಂಟುಗಳು ಸಿಕ್ಕವು. ಸಾರು ಸಾರವಿಲ್ಲದ ನೀರಾಗಿತ್ತು. ನಾನು ಮುಸಿಮುಸಿ ನಕ್ಕೆ. ಆದರೆ ಆ ಮನುಷ್ಯ ಮಲ್ಲಣ್ಣನನ್ನು ಹೇಗೆ ಪಳಗಿಸಿದ್ದರೋ ಹಿತಕಬೇಳೆ ಸಾರನ್ನೂ ಹಾಗೇ ಪಳಗಿಸಲು ಕೂತರು. ದಿನಾ ಅದೇ ಸಾರು. ಒಂದು ದಿನ ಖಾರ ಹೆಚ್ಚು, ಮರುದಿನ ಹುಳಿ ಹೆಚ್ಚು, ವಾರ ಕಳೆಯುವಷ್ಟರಲ್ಲಿ ಒಗ್ಗರಣೆಯ ಘಮ ಬೀದಿಗೆ ಹೊರಟಿತು.

“ಏಮ್ಮಾ ಭಾನೂ, ಇಷ್ಟು ವರ್ಷ ನನ್ನ ಮಗನ ಕೈಗೆ ಸೌಟು ಸಿಗದಂಗೆ ಯಾಕಮ್ಮಾ ಅಡ್ಡ ನಿಂತಿದ್ದೆ?” ಎಂದರು ಅತ್ತೆ, ಬೆರಳು ನೆಕ್ಕುತ್ತಾ.

ಅದನ್ನಾದರೂ ಸಹಿಸಿಕೊಂಡೆ. ಅತ್ತೆ ಹೇಗಿದ್ದರೂ ಮಗನ ಪಕ್ಷ. ಆದರೆ ಸಾದಲಿಯಿಂದ ಬಂದ ನಮ್ಮಮ್ಮ ಆಂಜಿನಮ್ಮ, ನನಗೆ ಸಾರು ಕಲಿಸಿದ ಸ್ವಂತ ಅಮ್ಮ, ಎರಡನೇ ಮುದ್ದೆ ಹಾಕಿಸಿಕೊಂಡು, ನನ್ನ ಕಿವಿಯಲ್ಲಿ ಪಿಸುಗುಟ್ಟಿದರು: “ಅಳಿಯಂದ್ರು ಮಸಾಲೆಗೆ ಏನೇನ್ ಹಾಕ್ತಾರೆ, ಸ್ವಲ್ಪ ಕೇಳಿಟ್ಕೊಳೇ.”

ನನ್ನ ಕೈರುಚಿಗೆ ಈ ಊರಿನಲ್ಲಿ ಒಂದು ಹೆಸರಿತ್ತು ಸ್ವಾಮಿ. ಅದು ನನ್ನ ಕಣ್ಣೆದುರೇ ಗಂಡನ ಹೆಸರಿಗೆ ಖಾತೆಯಾಗುತ್ತಿತ್ತು. ಸಿಂಹಾಸನ ಉಳಿಸಿಕೊಳ್ಳಬೇಕಾದರೆ ಉಳಿದದ್ದು ಒಂದೇ ದಾರಿ: ಸೋಲುವುದು.

ತಿಂಗಳು ಮುಗಿದ ಭಾನುವಾರ ಕಂಟ್ರೋಲರ್ ಚಾಚಿದೆ. “ಇನ್ನೊಂದಾಟ. ಸೋತೋರಿಗೆ ಇನ್ಮುಂದೆ ಅಡುಗೆ, ಖಾಯಂ.”

“ಖಾಯಂ ತಾನೇ? ಮಾತು ತಪ್ಪಬಾರ್ದು,” ಎಂದರು ಅವರು. ಆ ಕಣ್ಣಿನ ಹೊಳಪು ನೋಡಿಯೇ ನಾನು ಎಚ್ಚೆತ್ತುಕೊಳ್ಳಬೇಕಿತ್ತು.

ಆಟ ಶುರುವಾಯಿತು. ಕೋಲಜ್ಜಿ ಅಲುಗಾಡಲಿಲ್ಲ. ಮಲ್ಲಣ್ಣನೂ ಅಲುಗಾಡಲಿಲ್ಲ.

“ಹೊಡೀರಿ,” ಎಂದೆ.

“ನೀನ್ ಹೊಡಿ. ಲೇಡೀಸ್ ಫಸ್ಟ್.”

“ನನ್ಗೆ ಕೈನೋವು.”

“ನನ್ಗೆ ದಯೆ.”

“ಕರೆಂಟ್ ಹೋಯ್ತೇನ್ರೋ?” ಎಂದು ಅತ್ತೆ ಕೇಳಿದರು.

ಆಗ ಹೊಳೆಯಿತು ನನಗೆ: ಈ ಮನುಷ್ಯನಿಗೂ ಸೋಲೇ ಬೇಕಾಗಿದೆ! ಅಖಾಡದ ಅಂಚಿನಿಂದ ಕೆಳಗೆ ಬಿದ್ದರೆ ಸೋತಂತೆ. ಕೋಲಜ್ಜಿಯನ್ನು ಅಂಚಿನ ಕಡೆಗೆ ಓಡಿಸಿದೆ. ಮಲ್ಲಣ್ಣ ಬೆನ್ನಟ್ಟಿ ಬಂದ. ಇನ್ನೇನು ಅಜ್ಜಿ ಹಾರಬೇಕು, ಅಷ್ಟರಲ್ಲಿ ಅವನು ಅವಳ ಸೊಂಟ ಹಿಡಿದು ಎತ್ತಿ ಅಖಾಡದ ನಡುಮಧ್ಯಕ್ಕೆ ಎಸೆದ. ಅವಳು ಸೊಂಟ ಹಿಡಿದುಕೊಂಡು ಏಳುವಷ್ಟರಲ್ಲಿ ತಾನೇ ಧುಮುಕಿಬಿಟ್ಟ.

ತೆರೆಯ ತುಂಬ ಪಟಾಕಿ ಸಿಡಿದವು. ಗೆದ್ದವಳು ಕೋಲಜ್ಜಿ.

“ಅಯ್ಯೋ, ಸೋತ್ಹೋದ್ನಲ್ಲಾ!” ಎಂದು ಯಜಮಾನರು ಹಣೆ ಚಚ್ಚಿಕೊಂಡರು, ಮುಖದ ತುಂಬ ನಗು ತುಂಬಿಕೊಂಡು. ಮರುಕ್ಷಣವೇ ಅಡುಗೆಮನೆಯಲ್ಲಿ ಸಾಸಿವೆ ಚಟಪಟ ಅಂದಿತು.

“ಭಾನೂ, ಬಂದು ಉಪ್ಪು ನೋಡು!”

ಹೋದೆ. ನೋಡಿದೆ. “ಉಪ್ಪೂ ಸಾಲ್ದು, ಹುಳೀನೂ ಸಾಲ್ದು,” ಎಂದು ಗಂಟುಮುಖ ಮಾಡಿಕೊಂಡು ಹೇಳಿದೆ. ಹಾಗೆ ಹೇಳುತ್ತಲೇ ನನ್ನ ಕೈ ತಟ್ಟೆಯನ್ನು ಮುಂದೆ ಚಾಚಿ ಮತ್ತೊಂದು ಸೌಟು ಹಾಕಿಸಿಕೊಂಡದ್ದನ್ನು ಅತ್ತೆ ಬಾಗಿಲಲ್ಲೇ ನಿಂತು ನೋಡಿಬಿಟ್ಟರು.