ಇಮ್ಮಡಿ ಹತ್ತಿರ

ಕನ್ನಡಕದ ಅಂಗಡಿಯಾತನಿಗೆ ಭಾವಮೈದುನ ಆ ದಿನ ಬೆಳಿಗ್ಗೆ ತಂದುಕೊಟ್ಟದ್ದು ದಪ್ಪ ಬಳೆಯಂಥ ಒಂದು ಕರಿ ವಸ್ತು. ಹೆಸರು ಟೆಲಿಕನ್ವರ್ಟರ್.

"ಕ್ಯಾಮೆರಾಗೂ ಲೆನ್ಸಿಗೂ ಮಧ್ಯೆ ಇದನ್ನ ಸಿಕ್ಕಿಸಿ ಭಾವ. ದೂರದ್ದೆಲ್ಲ ಎರಡರಷ್ಟು ಹತ್ತಿರ ಬರುತ್ತೆ. ಕೊನೇ ಸಾಲಲ್ಲಿ ಕೂತ್ರೂ ಅಮ್ಮ ನಿಮ್ಮ ತೊಡೆ ಮೇಲೆ ಕೂತು ಹಾಡಿದ ಹಾಗೆ ಕಾಣ್ತಾರೆ."

ಅಂದು ಅತ್ತೆಯ ಹಾಡು. ಗಂಟಲಿನ ಆಪರೇಷನ್ ಆದ ಮೇಲೆ ಪಿಸುಮಾತಿಗೂ ಪರದಾಡಿದ ಹೆಂಗಸು, ಈಗ ಮಹಿಳಾ ಗಾಯನ ತಂಡದಲ್ಲಿ ನಿಂತು ನಾಲ್ಕು ಸಾಲು ಒಬ್ಬರೇ ಹಾಡುವವರಿದ್ದರು. "ಒಂದೇ ಒಂದು ಫೋಟೋ ಚೆನ್ನಾಗಿ ಬಂದ್ರೆ ಸಾಕು ರೀ," ಎಂದಳು ಹೆಂಡತಿ. ಆ ದನಿಯಲ್ಲಿ ಬೇಡಿಕೆಗಿಂತ ಬೆದರಿಕೆಯೇ ಹೆಚ್ಚಿತ್ತು.

ಸಭಾಂಗಣದಲ್ಲಿ ಸಿಕ್ಕಿದ್ದು ಕೊನೆಯ ಸಾಲೇ. ವೇದಿಕೆಯ ಮೇಲೆ ಎಲ್ಲರದೂ ಬಿಳಿ ತಲೆ, ಎಲ್ಲರ ಹೆಗಲಲ್ಲೂ ನೀಲಿ ಶಾಲು. ಪಿಯಾನೋ ಮುಂದೆ ಕೂತ, ಭುಜದವರೆಗೆ ಕೂದಲು ಬಿಟ್ಟ ಮೀಸೆಯ ಮೇಷ್ಟ್ರಿಗೂ ಅದೇ ಶಾಲು. ಕನ್ವರ್ಟರ್ ಸಿಕ್ಕಿಸಿ ಕಣ್ಣಿಟ್ಟರೆ ಒಳಗೆ ಅಮಾವಾಸ್ಯೆ. ಮುಖಗಳು ಹತ್ತಿರ ಬಂದಿದ್ದೇನೋ ನಿಜ, ಹಬೆ ಹಿಡಿದ ಕನ್ನಡಿಯಿಂದ ಇಣುಕುವವರ ಹಾಗೆ. ಫೋಕಸ್ಸು ಕತ್ತಲಲ್ಲಿ ಚಪ್ಪಲಿ ಹುಡುಕುವವನಂತೆ ಹಿಂದಕ್ಕೂ ಮುಂದಕ್ಕೂ ತಡಕಾಡಿತು.

"ಬೆಳಕು ಕಾಲು ಭಾಗ ಮಾತ್ರ ಉಳಿಯುತ್ತೆ ಕಣ್ರೀ," ಎಂದರು ಪಕ್ಕದ ಸೀಟಿನ ನಿವೃತ್ತ ಇಂಜಿನಿಯರು. "ನಿಮ್ಮ ಲೆನ್ಸಿನ ಹುಳುಕೂ ಎರಡರಷ್ಟು ದೊಡ್ಡದಾಗುತ್ತೆ. ಬಿಚ್ಚಿ ಅದನ್ನ!"

ಬಿಚ್ಚಲು ಹೋದ. ಬಿಗಿದುಕೊಂಡಿತ್ತು. ಇಂಜಿನಿಯರೂ ಕೈಹಾಕಿದರು. ಇಬ್ಬರೂ ಜಗ್ಗಾಡುತ್ತಿರುವಾಗಲೇ ಅತ್ತೆಯ ದನಿ ಎದ್ದಿತು. ತೆಳ್ಳಗೆ, ನಡುಗುತ್ತ, ಆದರೆ ಎಲ್ಲೂ ಕಡಿಯದೆ. ಅವನ ಕಣ್ಣು ತುಂಬಿತು. ಕ್ಯಾಮೆರಾವನ್ನು ಸಿಕ್ಕ ಕಡೆಗೆ ತಿರುಗಿಸಿ ಗುಂಡಿ ಒತ್ತಿದ, ಒತ್ತುತ್ತಲೇ ಹೋದ.

ಮಧ್ಯಾಹ್ನ ಮನೆಯ ಟೀವಿಯಲ್ಲಿ ಫೋಟೋಗಳು ಒಂದೊಂದಾಗಿ ಬಂದವು. ಒಂದರಲ್ಲಿ ಬರೀ ಕತ್ತಲು, ಇನ್ನೊಂದರಲ್ಲಿ ಎಳ್ಳು ಚೆಲ್ಲಿದಂತೆ ಚುಕ್ಕಿ, ಮತ್ತೊಂದರಲ್ಲಿ ಇಂಜಿನಿಯರ ಹೆಬ್ಬೆರಳು.

"ಊರಿನವರಿಗೆಲ್ಲ ಕಣ್ಣು ಕಾಣಿಸೋ ಹಾಗೆ ಮಾಡ್ತೀರಿ," ಎಂದು ಹೆಂಡತಿ ಅಳತೊಡಗಿದಳು. ಆ ಹಾಡು ಇನ್ನೊಮ್ಮೆ ಬರುವುದಿಲ್ಲ. ಅವನಿಗೆ ಸೋಫಾದ ಸಂದಿಯಲ್ಲಿ ಚಿಲ್ಲರೆಯಂತೆ ಜಾರಿ ಮಾಯವಾಗಬೇಕೆನಿಸಿತು.

"ನಿಲ್ಲಿಸಿ, ನಿಲ್ಲಿಸಿ!" ಅತ್ತೆ ಎದ್ದು ನಿಂತರು.

ಪರದೆಯ ಮೇಲೆ ಬಿಳಿ ಕೂದಲು, ನೀಲಿ ಶಾಲು, ಮಸುಕು ಮುಖ. ತಲೆ ಹಿಂದಕ್ಕೆ ಬಾಗಿ, ಬಾಯಿ ತುಂಬಾ ತೆರೆದಿತ್ತು.

"ಮೇಲಿನ ಸ್ವರ ಹಿಡಿದ ಕ್ಷಣ ಇದು! ಅಳಿಯಂದಿರೇ, ನನ್ನ ಜೀವಾನೇ ಹಿಡಿದುಬಿಟ್ಟಿದೀರಿ."

ಸಂಜೆಯೊಳಗೆ ಅದು ದೊಡ್ಡದಾಗಿ ಅಚ್ಚಾಗಿ ಗೋಡೆ ಏರಿತು. ಆಗ ಅತ್ತೆಯ ಪಕ್ಕ ನಿಂತು ಹಾಡುವ ಎದುರುಮನೆಯಾಕೆ ಬಂದರು.

"ಅಯ್ಯೋ, ನನ್ನ ಫೋಟೋ ನಿಮ್ಮನೇಲಿ ಹಾಕಿದೀರಾ!"

"ನಿಮ್ಮದಾ? ಆ ಗದ್ದ ನೋಡಿ, ನಂದು."

"ಶಾಲು ನೋಡ್ರೀ, ಹಾಗೆ ಹೊದ್ಕೊಳ್ಳೋದು ನಾನೊಬ್ಳೇ."

ದನಿಗಳು ಏರಿದವು. ಕಿಟಕಿಗಳಲ್ಲಿ ತಲೆಗಳು ಕಾಣಿಸಿಕೊಂಡವು. ವರುಷಗಳ ಗೆಳೆತನ ಹರಿದುಹೋಗುವುದರಲ್ಲಿತ್ತು. ಅತ್ತೆಯ ಗಂಟಲು ಆಗಲೇ ಕಟ್ಟುತ್ತಿತ್ತು. ಅವನು ಮೂಲೆಗೆ ಸರಿದು ಕ್ಯಾಮೆರಾದಲ್ಲಿ ಆ ಚಿತ್ರದ ಮುಂದಿನದನ್ನು ನೋಡಿದ. ಜೀವ ಬಾಯಿಗೆ ಬಂತು.

"ಹೇಳಿ ಅಳಿಯಂದಿರೇ, ತೆಗೆದವರು ನೀವು. ಇದು ಯಾರು?"

ಸುಳ್ಳು ಹೇಳಿದರೆ ಒಬ್ಬರು ಶತ್ರು. ನಿಜ ಹೇಳಿದರೆ ಜಗಳವಾದರೂ ನಿಲ್ಲುತ್ತದೆ ಎಂದುಕೊಂಡ ಪಾಪ.

"ನೀವಿಬ್ರೂ ಅಲ್ಲ ಅತ್ತೆ. ಪಿಯಾನೋ ಮೇಷ್ಟ್ರು. ಸೀನೋಕೆ ಹೊರಟಿದ್ರು. ಮುಂದಿನ ಫೋಟೋದಲ್ಲಿ ಕರವಸ್ತ್ರದಿಂದ ಮೂಗು ಒರೆಸ್ಕೊಳ್ತಾ ಇದಾರೆ."

ಜಗಳ ನಿಜವಾಗಿಯೂ ನಿಂತಿತು. ಇಬ್ಬರು ಗೆಳತಿಯರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಕೈ ಕೈ ಹಿಡಿದುಕೊಂಡರು, ಒಟ್ಟಿಗೇ ಅವನತ್ತ ತಿರುಗಿದರು.

"ಅಂದ್ರೆ," ಎಂದರು ಅತ್ತೆ, ಆಪರೇಷನ್ ಆದ ಗಂಟಲೆಂದು ಯಾರೂ ನಂಬದಂಥ ದನಿಯಲ್ಲಿ, "ನಮ್ಮಿಬ್ರಿಗೂ ಆ ಮುದುಕನಿಗೂ ವ್ಯತ್ಯಾಸವೇ ಗೊತ್ತಾಗಲ್ಲ ಅಂತೀರಾ?"