ಒಡೆದದ್ದಲ್ಲ, ಕೆಲಸ ಮಾಡಿದ್ದು

ನನ್ನ ಅಣ್ಣನ ಮನೆಗೆ ಬೆಂಕಿ ಬಿದ್ದಿದ್ದರೆ, ಅವನು ಮೊದಲು ಕೂಗಿಕೊಂಡವರ ಮಾತನ್ನು ತಿದ್ದುತ್ತಿದ್ದ. ಬಕೆಟ್ ಹುಡುಕುವುದು ಆಮೇಲೆ! ಅಜ್ಜಿ ಕಟ್ಟುಕತೆ ಹೇಳುತ್ತಾಳೆ ಎಂದು ನಗಬೇಡಿ ಮಕ್ಕಳೇ. ನಿಮಗೆ ಕನ್ನಡ ಅಕ್ಷರ ಬಾರದು, ಇದನ್ನು ನಿಮ್ಮಮ್ಮನೇ ಓದಿ ಹೇಳಬೇಕು. ಅವಳನ್ನೇ ಕೇಳಿ. ಆ ಸೋದರಮಾವನ ಕೈಯಲ್ಲಿ ಅವಳೇನು ಕಡಿಮೆ ತಿದ್ದಿಸಿಕೊಂಡಿದ್ದಾಳೆಯೇ?

ಆಗ ಎಂಬತ್ತರ ದಶಕ. ಸೋಮನೂರಿನ ಹತ್ತಿರದ ಒಂದು ನೂಲಿನ ಮಿಲ್ಲಿನಲ್ಲಿ ಅಣ್ಣ ಪೈಪು ಮೇಸ್ತ್ರಿ, ನಿಮ್ಮ ತಾತ ಅವನ ಕೈಕೆಳಗೆ ಫಿಟ್ಟರ್. ಅಲ್ಲಿ ಸೂರಿನ ಉದ್ದಕ್ಕೂ ನೀರಿನ ಪೈಪು, ಪೈಪಿಗೆ ಅಲ್ಲಲ್ಲಿ ಸ್ಪ್ರಿಂಕ್ಲರ್. ಕೆಳಗೆ ಬೆಂಕಿ ಹತ್ತಿದರೆ ಕಾವಿಗೆ ಅದರ ಪುಟ್ಟ ಗಾಜಿನ ಬಲ್ಬು ಒಡೆಯುತ್ತದೆ, ನೀರು ಮಳೆಯಂತೆ ಸುರಿಯುತ್ತದೆ. ಮಿಲ್ಲಿನ ಜನ ಅದನ್ನು ‘ಷವರ್’ ಎನ್ನುತ್ತಿದ್ದರು. ಅಣ್ಣನ ಕಿವಿಗೆ ಅದು ಕಾದ ಎಣ್ಣೆ! ಆ ತಮಿಳು ಸೀಮೆಯ ವಾಡಿಕೆಯಂತೆ ಅಣ್ಣ ತಂಗಿಯ ಗಂಡನನ್ನು ‘ಮಾಪ್ಳೆ’ ಎನ್ನುತ್ತಿದ್ದ, ನಿಮ್ಮ ತಾತ ಹೆಂಡತಿಯ ಅಣ್ಣನನ್ನು ‘ಮಚ್ಚಾನ್’ ಎನ್ನುತ್ತಿದ್ದರು.

“ಅದರಡೀಲಿ ನಿಂತು ಸೋಪು ಹಚ್ಕೋತೀಯಾ ಮಾಪ್ಳೆ? ಸ್ಪ್ರಿಂಕ್ಲರ್ ಅನ್ನು.”

“ಸರಿ ಮಚ್ಚಾನ್, ಸ್ಪ್ರಿಂಕ್ಲರ್ ಹೆಡ್.”

“ಹೆಡ್ ಯಾಕೆ? ಅದಕ್ಕೆ ಕೈಕಾಲೂ ಅವೆಯಾ?”

“ಹೆಡ್ಡು ನಿಮಗಿದ್ರೆ ಸಾಕು, ಅದಕ್ಕೆ ಬೇಡ ಬಿಡಿ!”

ಇದು ನಮ್ಮ ಜಗಲಿಯಲ್ಲಿ ದಿನಾ ನಡೆಯುವ ಪೂಜೆ. ಸಾರು ಆರುತ್ತಿತ್ತು, ನಾನು ಅಡುಗೆಮನೆಗೂ ಜಗಲಿಗೂ ಓಡಾಡುತ್ತಿದ್ದೆ. ಊಟಕ್ಕೆ ಏಳಿ ಎನ್ನಲೂ ಹೆದರಿಕೆ. ಆ ಮಾತಿನಲ್ಲಿ ಏನು ತಪ್ಪಿರುತ್ತದೋ ಯಾರಿಗೆ ಗೊತ್ತು?

ಪೊಳ್ಳಾಚಿಯಲ್ಲಿ ಚಿಕ್ಕಪ್ಪನ ಮಗಳ ಮದುವೆಯಲ್ಲಿ ಚಪ್ಪರದ ಗರಿಗೆ ಕಿಡಿ ತಾಗಿತು. ಅಡುಗೆಯವರು ಒಂದು ಕೊಡ ನೀರು ಎರಚಿದರು. ‘ಆರಿತು, ಆರಿತು’ ಎಂದು ಎಲ್ಲರೂ ನಿಟ್ಟುಸಿರು ಬಿಟ್ಟರೆ, ಅಣ್ಣ ಸ್ಟೂಲು ಎಳೆದುಕೊಂಡು ಹತ್ತಿಯೇಬಿಟ್ಟ!

“ಆರಿಲ್ಲ! ಹತೋಟಿಗೆ ಬಂದದೆ, ಅಷ್ಟೇ. ಒಳಗೆ ಕೈಯಿಟ್ಟು ನೋಡದೆ ಆರ್ತು ಅನ್ನಬಾರದು.”

ಗರಿಯೊಳಗೆ ಕೈಯಿಟ್ಟು ಒಂದೊಂದಾಗಿ ತಡವುತ್ತಾ ಹೊರಟ. ಇತ್ತ ಮುಹೂರ್ತ ಮೀರುತ್ತಿದೆ, ಮದುಮಗ ತಾಳಿ ಹಿಡಿದು ಅವನನ್ನೇ ನೋಡುತ್ತಿದ್ದಾನೆ. ಚಿಕ್ಕಪ್ಪ ಕೈಮುಗಿದರು: “ಮೇಸ್ತ್ರಿಗಳೇ, ತಾಳಿ ಕಟ್ಟೋದು ಅಂತ ಹೇಳಬೋದಾ, ಇಲ್ಲ ಅದಕ್ಕೂ ಬೇರೆ ಹೆಸರದೆಯಾ?”

ಹೀಗೆ ನಗುತ್ತಿದ್ದ ನಮಗೆ ಒಂದು ಸೋಮವಾರ ನಗು ನಿಂತಿತು. ರಜೆಯ ಭಾನುವಾರ ಮಿಲ್ಲಿನ ಗೋಡೌನಿನಲ್ಲಿ ಒಂದು ಸ್ಪ್ರಿಂಕ್ಲರ್ ತೆರೆದುಕೊಂಡು ಒತ್ತಿ ಕಟ್ಟಿದ ಹತ್ತಿಯ ಮೂಟೆಗಳು, ಆ ಬೇಲುಗಳೆಲ್ಲ ನೆನೆದುಹೋಗಿದ್ದವು. ಬೆಂಕಿ ಹತ್ತಿದ್ದನ್ನು ನೋಡಿದವರಿಲ್ಲ. ಮ್ಯಾನೇಜರು ಬರೆಸಿದರು: ‘ಷವರ್ ಒಡೆದು ನೀರು ಸೋರಿದೆ. ಫಿಟ್ಟರ್ ಸರಿಯಾಗಿ ಕೂರಿಸಿಲ್ಲ.’ ಅದನ್ನು ಕೂರಿಸಿದ್ದು ನಿಮ್ಮ ತಾತ. ಆ ಬರಹದ ಕೆಳಗೆ ಅಣ್ಣ ಸೈನ್ ಹಾಕಿದರೆ ಅವರನ್ನು ಅಂದೇ ಕೆಲಸದಿಂದ ತೆಗೆದು ಮನೆಗೆ ಕಳಿಸುವುದೆಂದು ಮಾತಾಗಿತ್ತು. ಪಕ್ಕದ ಮನೆಯವರು ಬಂದು ಹೇಳಿದಾಗಿನಿಂದ ನಾನು ಕೂತಲ್ಲಿ ಕೂರಲಿಲ್ಲ. ಗುಡಿಸಿದ ಅಂಗಳವನ್ನೇ ಮೂರು ಸಲ ಗುಡಿಸಿದೆ. ಒಲೆಯ ಮೇಲೆ ಬರೀ ನೀರು ಕುದಿಯುತ್ತಿತ್ತು, ಅಕ್ಕಿ ಹಾಕುವುದನ್ನೇ ಮರೆತಿದ್ದೆ.

ಮಧ್ಯಾಹ್ನ ಅಣ್ಣ ಒಬ್ಬನೇ ಬಂದ. ಪಂಚೆಯೆಲ್ಲ ಒದ್ದೆ, ತೋಳಿಗೆ ಹತ್ತಿ ಮೆತ್ತಿಕೊಂಡಿತ್ತು.

“ಅಣ್ಣಾ, ಏನಾಯ್ತು?”

“ಇರು, ಒಂದೊಂದಾಗಿ ಹೇಳ್ತೀನಿ. ಮೊದಲ್ನೇದು, ಅದು ಷವರ್ ಅಲ್ಲ ಅಂದೆ.”

ಅಯ್ಯೋ ದೇವರೇ!

“ಎರಡ್ನೇದು, ‘ಒಡೀತು’ ಅನ್ನೋದು ತಪ್ಪು ಅಂದೆ. ಒಡೆದದ್ದು ಬಲ್ಬು. ಕಾವಿಗೆ ಬಲ್ಬು ಒಡೆದ್ರೆ ಸ್ಪ್ರಿಂಕ್ಲರ್ ಕೆಲಸ ಮಾಡ್ತು ಅಂತ ಬರೀಬೇಕು. ಅದಕ್ಕೆ ಮ್ಯಾನೇಜರು, ‘ಬೆಂಕಿಯೇ ಇಲ್ದೆ ಕಾವೆಲ್ಲಿಂದ? ಫಿಟ್ಟರ್ ನಿನ್ನ ಸಂಬಂಧಿಯಂತೆ?’ ಅಂದ್ರು. ‘ಸಂಬಂಧಿ ಅಂದ್ರೆ ಯಾರು ಬೇಕಾದ್ರೂ ಆಗ್ಬೋದು ಸಾರ್, ಸರಿಯಾಗಿ ಕೇಳಿ. ನನ್ನ ತಂಗಿ ಗಂಡ. ಅದಕ್ಕೇ ನನ್ನ ಮಾತು ನಂಬಬೇಡಿ, ಸ್ಪ್ರಿಂಕ್ಲರ್ ಕೆಳಗಿನ ಬೇಲು ಬಿಚ್ಚಿಸಿ’ ಅಂದೆ.”

“ಬಿಚ್ಚಿದ್ರಾ?”

“ಬೇಲಿಗೆ ಸುತ್ತ ಕಬ್ಬಿಣದ ಪಟ್ಟಿ ಇರ್ತದೆ. ಪಟ್ಟಿ ಅನ್ನಬೇಕು, ಕೆಲವರು ತಂತಿ ಅಂತಾರೆ…”

ನಿಮ್ಮ ಅಜ್ಜಿ ಅಣ್ಣನೆದುರು ತಲೆಯೆತ್ತಿ ಮಾತಾಡಿದವಳಲ್ಲ. ಅಂದು ಬೀದಿಗೆಲ್ಲ ಕೇಳುವಂತೆ ಕಿರುಚಿದಳು: “ನಿನ್ನ ಪಟ್ಟಿ ಹಾಳಾಗ್ಲಿ! ನನ್ನ ಗಂಡನ್ನ ಇಟ್ಕೊಂಡ್ರಾ, ಕಳ್ಸಿದ್ರಾ?”

ಅಣ್ಣ ಪಟ್ಟಿಯ ಮಾತನ್ನು ಅಲ್ಲೇ ಬಿಟ್ಟ. ಆಮೇಲೆ ಮೆಲ್ಲಗೆ, “ಇಟ್ಕೊಂಡ್ರಮ್ಮ” ಎಂದ. “ಬೇಲಿನ ಹೊಟ್ಟೆಯೆಲ್ಲ ಕರ್ರಗೆ ಸುಟ್ಟಿತ್ತು. ಒಳಗೊಳಗೇ ಉರಿದದೆ, ಆ ಕಾವಿಗೇ ಬಲ್ಬು ಒಡೆದದ್ದು. ಮಾಪ್ಳೆ ಕೂರಿಸಿದ್ದು ಸರಿಯಾಗಿತ್ತು ಅಂತ ಬರೆಸಿಯೇ ಬಂದೆ.”

ನಾನು ನೀರಿನ ಲೋಟ ತಂದುಕೊಟ್ಟೆ. ಅವನಿಗೆ ಹಿಡಿಯಲಾಗಲಿಲ್ಲ. ಅರ್ಧ ನೀರು ಎದೆಯ ಮೇಲೆ ಚೆಲ್ಲಿತು. ಜಗಲಿಯ ಮೇಲೆ ಕೂತ.

“ಬಿಚ್ಚೋವರೆಗೂ ನನಗೂ ಗೊತ್ತಿರ್ಲಿಲ್ಲ ತಂಗಿ. ಒಳಗೆ ಬೆಳ್ಳಗಿದ್ದಿದ್ರೆ ನಾನು ಸೈನ್ ಹಾಕ್ಲೇಬೇಕಿತ್ತು. ಹಾಕಿ, ನಿನ್ನ ಬಾಗಿಲಿಗೆ ಹೆಂಗೆ ಬರಲಿ?”

ಲೋಟವನ್ನು ಮತ್ತೆ ತುಂಬಿಸಿ ತಂದು, ನಾನೇ ಹಿಡಿದು ಕುಡಿಸಿದೆ.