ನಮ್ಮ ಮಾಳಿಗೆ ಏರಿದ ವೈರ್‌ಲೆಸ್

ವ್ಯಾಪಾರದ ಮೊದಲ ಸೂತ್ರ ಹೇಳಿಬಿಡುತ್ತೇನೆ, ನೆನಪಿಡಿ: ನಮಗೇನು ಬೇಕೆಂಬುದು ಎದುರಿನವನಿಗೆ ಗೊತ್ತಾಗಬಾರದು. ಯಲಬುರ್ಗಾದಲ್ಲಿ ನಾನು ಬರಿಗೈಯಿಂದ ಮನೆಯ ಕೆಳಗೇ ಹಿಟ್ಟಿನ ಗಿರಣಿ ಕಟ್ಟಿದ್ದೇ ಈ ಸೂತ್ರದ ಮೇಲೆ.

ಒಂದು ದಿನ ಕರೆಂಟ್ ಕಂಪನಿಯ ಎಂಜಿನಿಯರ್ ಬಂದರು. "ಯಜಮಾನ್ರ, ಇಲ್ಲಿ ಕರೆಂಟ್ ಲೈನಿನ ಸುದ್ದಿ ಕೊಪ್ಪಳದ ಆಫೀಸಿಗೆ ಕಳಸೋ ವೈರ್‌ಲೆಸ್ ಬ್ರಾಡ್‌ಬ್ಯಾಂಡ್ ಬಂದೈತ್ರಿ. ನಿಮ್ಮ ಮಾಳಗಿ ಎತ್ತರ ಐತಿ. ಒಂದು ಕಂಬ ನಿಲ್ಲಸ್ಲೇನ್ರಿ?"

ನನ್ನ ತಲೆ ಗಿರಣಿಗಿಂತ ಜೋರಾಗಿ ತಿರುಗಿತು. ದಿನವೂ ಅರ್ಧ ಬೀಸುವಷ್ಟರಲ್ಲಿ ಕರೆಂಟ್ ಹೋಗಿ, ನನ್ನ ಗಿರಾಕಿಗಳು ಹಿಂದಿನ ಓಣಿಯ ಡೀಸೆಲ್ ಗಿರಣಿಗೆ ಹೋಗುತ್ತಿದ್ದರು. ಕಂಪನಿಯ ಯಂತ್ರವಿರುವ ಕಟ್ಟಡದ ಕರೆಂಟನ್ನು ಕಂಪನಿಯೇ ತೆಗೆದೀತೆ?

ಬಾಯಿ ಬಿಡಲಿಲ್ಲ. "ಊರ ಸೇವಾ, ಹಾಕ್ರಿ. ನನಗೇನೂ ಬ್ಯಾಡ."

ಹೆಂಡತಿ ಗಿರಿಜಾ ಪಿಸುಗುಟ್ಟಿದಳು: "ಕರೆಂಟ್ ತೆಗೀಬ್ಯಾಡ್ರಿ ಅಂತ ಒಂದ್ ಮಾತು ಕೇಳ್ರಿ."

"ನಿನಗ ವ್ಯಾಪಾರ ತಿಳಿಯಂಗಿಲ್ಲ, ಸುಮ್ನಿರು."

ಕಂಪನಿಯವರು ಮಾಳಿಗೆಯ ಮೇಲೆ ಕಂಬ ನಿಲ್ಲಿಸಿ ವೈರ್‌ಲೆಸ್ ಪೆಟ್ಟಿಗೆ ಕೂರಿಸಿದರು. ಅದಕ್ಕೆ ಬಿಸಿಲು ತಾಗದಿರಲೆಂದು ನಾನೇ ತಗಡಿನ ಚಪ್ಪರ ಹಾಕಿಸಿದೆ. ಸಿಗ್ನಲ್ ಸತ್ತಿತು. ತಗಡು ಅಲೆಗಳನ್ನು ತಡೆಯುತ್ತದಂತೆ! ಕಿತ್ತೆ. ಈಗ ಸಿಗ್ನಲ್ ಕುಂಟತೊಡಗಿತು. ನೀರಿನ ಟ್ಯಾಂಕ್ ಅಡ್ಡವಿತ್ತು. ಅದನ್ನು ಸರಿಸಲು ಖಾಲಿ ಮಾಡಬೇಕು. ನಲ್ಲಿ ನೀರು ಬಂದದ್ದು ಅಂದೇ ಬೆಳಿಗ್ಗೆ. ಇನ್ನು ಮುಂದಿನ ವಾರ. ಹಿಡಿದ ಕೆಲಸ ಬಿಡುವ ಜಾಯಮಾನ ನನ್ನದಲ್ಲ. ಬಿಟ್ಟೆ ನೀರು. ಅದು ಅಂಗಳದಲ್ಲಿ ಒಣಹಾಕಿದ್ದ ಶಾವಿಗೆಯ ಮೇಲೆ ಹಾಯ್ದು ಓಣಿ ಸೇರಿತು.

"ಊರ ಸೇವಾ ಮುಗೀತೇನ್ರಿ?" ಎಂದಳು ಗಿರಿಜಾ. "ಇಲ್ಲಾ ನಾನೂ ತೇಲಿ ಹೋಗ್ಲೇನ್ರಿ?"

ಅಂತೂ ಸಿಗ್ನಲ್ ನೆಟ್ಟಗಾಯಿತು, ಪೆಟ್ಟಿಗೆಯ ಹಸಿರು ದೀಪ ಮಿನುಗಿತು. ಇನ್ನು ನಮ್ಮಲ್ಲಿ ಕರೆಂಟ್ ಹೋಗುವುದಿಲ್ಲವೆಂದು ಓಣಿ ಓಣಿ ಸಾರಿದೆ. ಮರುದಿನ ಗಿರಣಿ ತುಂಬ ಗಿರಾಕಿಗಳು. ಅರ್ಧ ಜೋಳ ಬೀಸಿಯಾಗಿತ್ತು. ಕರೆಂಟ್ ಹೋಯಿತು.

ಎಂಜಿನಿಯರ್‌ಗೆ ಫೋನ್ ಮಾಡಿದೆ. "ಸಾಹೇಬ್ರ, ನಿಮ್ಮ ವೈರ್‌ಲೆಸ್ ನಿಂತೀತು, ಲಗೂನ ಕರೆಂಟ್ ಬಿಡ್ರಿ."

"ಅದು ನಿಲ್ಲಂಗಿಲ್ರಿ, ಒಳಗ ಬ್ಯಾಟರಿ ಐತಿ. ನಿಮ್ಮ ಲೈನಿನ ಕರೆಂಟ್ ಹೋದದ್ದು ನಿಮ್ಮ ಮಾಳಗಿಯಿಂದನ ನಮಗ ಗೊತ್ತಾತು. ಸಿಗ್ನಲ್ ಭಾಳ ಛಲೋ ಐತ್ರಿ!"

ಗಿರಾಕಿಗಳು ಡಬ್ಬಿ ಎತ್ತಿಕೊಂಡು ಡೀಸೆಲ್ ಗಿರಣಿಯತ್ತ ಹೊರಟರು. ಸಾಲಿನ ಕೊನೆಯಲ್ಲಿ ಗಿರಿಜಾ, ಕೈಯಲ್ಲಿ ನಮ್ಮದೇ ಮನೆಯ ಜೋಳ.

"ರೊಟ್ಟಿಗೆ ಹಿಟ್ಟಿಲ್ರಿ" ಎಂದಳು.

ಅಲ್ಲಿ ಚೌಕಾಸಿ ಹೇಗೆ ಮಾಡಬೇಕೆಂಬ ಸಲಹೆ ನಾಲಿಗೆಯ ತುದಿಗೆ ಬಂದಿತ್ತು. ನುಂಗಿಕೊಂಡೆ.